ರಾಕ್ಷಸ ಪದ್ಮ: ಹೆಬ್ಬೆರಳಿನ ಹಳದಿ

ವ್ಯಾನಿನ ಕೀಲಿಯನ್ನು ಯುಸ್ನಿದಾರ್ ತನ್ನ ಪೊಲೀಸ್ ಸಮವಸ್ತ್ರದ ಜೇಬಿಗೆ ಇಳಿಬಿಟ್ಟು ಗುಂಡಿ ಹಾಕಿಕೊಂಡಳು.

"ಕೊಡಮ್ಮ ಅದನ್ನ," ಎಂದರು ಠಾಣಾಧಿಕಾರಿ ಪಾಕ್ ಬೊನಾರ್, ಕೈ ಚಾಚಿ.

"ಕೊಡಲ್ಲ ಪಾಕ್," ಎಂದಳು, 'ಸಾರ್' ಎನ್ನುವ ಹಾಗೆ.

"ಅದು ಸರ್ಕಾರಿ ವ್ಯಾನು. ನಿಮ್ಮಜ್ಜಿ ಬಳುವಳಿಯಾಗಿ ಕೊಟ್ಟಿದ್ದಲ್ಲ."

"ನಮ್ಮಜ್ಜಿ ಕೊಟ್ಟಿದ್ದಾಗಿದ್ರೆ ಇಷ್ಟು ತುಕ್ಕು ಹಿಡಿಯೋಕೆ ಬಿಡ್ತಿರಲಿಲ್ಲ."

ಕಂಬಿಗಳ ಹಿಂದೆ ಗೋಡೆಗೊರಗಿ ಕುಳಿತಿದ್ದ ಸುಗೆಂಗ್ ತಲೆ ಎತ್ತಲಿಲ್ಲ. ಕಣಿವೆಯ ದೈತ್ಯ ಹೂವನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದ ಹಾರ್ಮೈನ್ ಆ ಹೂವಿನ ಪಕ್ಕದಲ್ಲೇ ತಲೆ ಒಡೆದು ಸತ್ತು ಬಿದ್ದಿದ್ದ. ಅವನನ್ನು ಕೊಂದವನು ಈ ಜಾವಾದ ಕಾಫಿ ಕೃಷಿಕ ಎಂದು ಊರಿಗೆ ಊರೇ ತೀರ್ಮಾನಿಸಿಬಿಟ್ಟಿತ್ತು. ತೀರ್ಮಾನಕ್ಕೆ ಹೆಚ್ಚೇನೂ ಬೇಕಾಗಿರಲಿಲ್ಲ. ಪ್ರವಾಸಿಗರು ತನ್ನ ಕಾಫಿ ಸಸಿಗಳನ್ನು ತುಳಿದರೆಂದು ಸುಗೆಂಗ್ ಹಾರ್ಮೈನ್‌ನ ಕೊರಳಪಟ್ಟಿ ಹಿಡಿದದ್ದನ್ನು ಸಂತೆಯ ಜನ ನೋಡಿದ್ದರು. ಹೆಣವನ್ನು ಮೊದಲು ಕಂಡವನೂ ಅವನೇ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಹೊರಗಿನವನು. ಸಿಕುಂಬಾಂಗ್ ಕುಲದ ಹುಡುಗಿಯನ್ನು ಮದುವೆಯಾಗಿ ಅವಳ ಮನೆಗೆ ಬಂದು ಸೇರಿಕೊಂಡ ಅಳಿಯ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು ಪಾಕ್ ಬೊನಾರ್. ಅವರು ಬತಕ್ ಸೀಮೆಯವರು. ಅಲ್ಲಿ ಮನೆ, ನೆಲ, ಹೆಸರು ಎಲ್ಲ ಗಂಡಸಿನದು, ಇಲ್ಲಿಯ ಹಾಗೆ ಹೆಂಗಸಿನದಲ್ಲ. "ನಿಮ್ಮೂರಿನ ಅಳಿಯಂದಿರೂ ನಿಮ್ಮೂರಿನ ಆ ಹೂವೂ ಒಂದೇ ಜಾತಿ. ಸ್ವಂತ ಬೇರಿಲ್ಲ, ಎಲೆ ಇಲ್ಲ. ಹೆಂಡತಿ ಬಳ್ಳಿ ಹೀರಿಕೊಂಡು ಬದುಕೋದು. ಅಂಥವನಿಗೋಸ್ಕರ ನೀನು ಕೆಲಸ ಕಳ್ಕೋತೀಯಾ?"

"ಹೂವಿನ ವಿಷಯ ನೀವೇ ಎತ್ತಿದ್ದು ಒಳ್ಳೇದಾಯ್ತು," ಎಂದು ಅವಳು ಅವರ ಮೇಜಿನ ಮೇಲೆ ಒಂದು ಪುಟ್ಟ ಗಾಜಿನ ಶೀಶೆ ಇಟ್ಟಳು.

ಶೀಶೆಯ ತಳದಲ್ಲಿ ಹಳದಿ ಚೂರೊಂದು ಅಂಟಿಕೊಂಡಿತ್ತು. ಒಣಗಿದ ಗೋಂದಿನಂತೆ.

"ಇದು ಹಾರ್ಮೈನ್‌ನ ಹೆಬ್ಬೆರಳಿಂದ ಕೆರೆದಿದ್ದು. ಕೊಳೆ ಅಂತ ಹೇಳಿ ಎಲ್ಲರೂ ಬಿಟ್ಟರು. ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ಪರಾಗ, ಪಾಕ್. ನಮ್ಮ ರಾಕ್ಷಸ ಪದ್ಮದ ಪರಾಗ."

"ಹೂವಿನ ಪಕ್ಕ ಬಿದ್ದವನ ಕೈಗೆ ಹೂವಿನ ಪರಾಗ. ಅಯ್ಯೋ, ಎಂಥಾ ಸೋಜಿಗ!"

"ಅದು ಹೆಣ್ಣು ಹೂವು."

ಪಾಕ್ ಬೊನಾರ್ ಬೀಡಿ ಹಚ್ಚಲು ಹೋದವರು ಕಡ್ಡಿಯನ್ನು ಹಾಗೇ ಹಿಡಿದುಕೊಂಡರು.

ಯುಸ್ನಿದಾರ್‌ಗೆ ಇದನ್ನೆಲ್ಲ ಹೇಳಿಕೊಟ್ಟವನು ಹಾರ್ಮೈನೇ. ಕಳೆದ ವರ್ಷ ಮಗಳನ್ನು ಕರೆದುಕೊಂಡು ಹೂ ನೋಡಲು ಹೋಗಿದ್ದಳು. ಮಗು ಮೂಗು ಮುಚ್ಚಿಕೊಂಡು "ಸತ್ತ ಇಲಿ ವಾಸನೆ" ಎಂದಾಗ ಅವನು ಬಿದ್ದು ಬಿದ್ದು ನಕ್ಕಿದ್ದ. ಇದಕ್ಕೆ ಬೇರಿಲ್ಲ ಪುಟ್ಟೀ, ಕಾಂಡ ಇಲ್ಲ, ಒಂದೇ ಒಂದು ಎಲೆಯೂ ಇಲ್ಲ ಎಂದಿದ್ದ. ಕಾಡುಬಳ್ಳಿಯ ಮೈಯೊಳಗೆ ನೂಲಿನ ಹಾಗೆ ಹರಡಿಕೊಂಡು ವರ್ಷಗಟ್ಟಲೆ ಅಡಗಿರುತ್ತದೆ. ಇದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೊಂದು ದಿನ ಬಳ್ಳಿಯ ತೊಗಟೆ ಬಿರಿದು ಗುಬುಟು ಕಾಣುತ್ತದೆ. ಅದು ಎಲೆಕೋಸಿನಷ್ಟು ದಪ್ಪವಾಗಬೇಕಾದರೆ ಹೆಂಗಸಿನ ಬಸುರಿನಷ್ಟು ಕಾಲ ಬೇಕು. ನಡುವೆ ಯಾರಾದರೂ ಮುಟ್ಟಿ ಅಲುಗಿಸಿದರೆ ಕರ್ರಗೆ ಕೊಳೆತು ಹೋಗುತ್ತದೆ. ಅರಳಿದರೆ ಮಾತ್ರ ಗಾಡಿಯ ಚಕ್ರದಷ್ಟು, ಹಸಿಮಾಂಸದ ಬಣ್ಣ, ಮೈತುಂಬ ಬಿಳಿ ಮಚ್ಚೆ. ವಾರ ತುಂಬುವುದರೊಳಗೆ ಮುಗಿಯಿತು.

"ಮದುವೆಗೆ ಅಷ್ಟೇ ಸಮಯ, ಉನಿ," ಎಂದಿದ್ದ. ಅಕ್ಕ ಎಂದು ಕರೆಯುವ ಆ ದನಿ ಅವಳಿಗೆ ಇನ್ನೂ ಕೇಳುತ್ತಿತ್ತು. "ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಎರಡೂ ಒಂದೇ ವಾರ ಅರಳಬೇಕು. ನೊಣಗಳು ಹೆಣ ಅಂದ್ಕೊಂಡು ಮೋಸ ಹೋಗಿ ಅಲ್ಲಿಂದ ಇಲ್ಲಿಗೆ ಬರಬೇಕು. ನಮ್ಮ ಬಳ್ಳೀದು ಯಾವಾಗಲೂ ಹೆಣ್ಣೇ. ಒಳಗಿರೋ ಜೀವ ಒಂದೇ ಅಲ್ವಾ? ಪಾಪ, ನಾನು ಕಂಡಾಗಿನಿಂದ ಒಂದು ಸಲವೂ ಕಾಯಿ ಕಟ್ಟಿಲ್ಲ."

ಹೂವಿನ ನಡುವಿನ ತಟ್ಟೆಯ ಅಂಚಿನಡಿಗೆ ಹೆಬ್ಬೆರಳು ತೂರಿಸಿ ತೋರಿಸಿದ್ದ. ಗಂಡಾಗಿದ್ದರೆ ಇಲ್ಲಿ ಹಳದಿ ಲೋಳೆ ಸಿಗಬೇಕು, ನೋಡಿ, ಏನೂ ಇಲ್ಲ.

"ಅವನು ಮಧ್ಯಾಹ್ನದ ನಮಾಜಿಗೆ ಮಸೀದೀಲಿ ಇದ್ದ, ಎಲ್ಲರೂ ನೋಡಿದ್ದಾರೆ," ಎಂದಳು ಯುಸ್ನಿದಾರ್. "ನಮಾಜಿಗೆ ಮುಂಚೆ ಕೈ ತೊಳೆದೇ ಇರ್ತಾನೆ. ಅಂದ್ರೆ ಇದು ಅಂಟಿದ್ದು ಆಮೇಲೆ. ಎಲ್ಲಿ? ನಿನ್ನೆ ಹುಡುಕಿದೆ. ಹೊಳೆಯಾಚೆ ಒಂದು ಗಂಡು ಹೂ ಅರಳಿ ಬಾಡ್ತಾ ಇದೆ. ಪಕ್ಕದ ಬಂಡೆ ಮೇಲೆ ರಕ್ತ ಇದೆ. ಅವನು ಬಿದ್ದಿದ್ದು ಅಲ್ಲಿ. ಸಿಕ್ಕಿದ್ದು ಹೊಳೆಯ ಈಚೆ."

"ಸುಗೆಂಗೇ ಹೊತ್ತು ತಂದಿರಬಹುದಲ್ಲ."

"ಯಾಕೆ ತರ್ತಾನೆ? ಆಚೆ ಕಡೆ ಪ್ರಪಾತ. ಒಂದು ಸಲ ಕಾಲಲ್ಲಿ ನೂಕಿದ್ರೆ ಕತೆ ಮುಗೀತು. ಅದು ಬಿಟ್ಟು ಸೊಂಟದುದ್ದ ನೀರಲ್ಲಿ ಹೊಳೆ ದಾಟಿಸಿ, ಕಡಿದಾದ ದಡ ಹತ್ತಿಸಿ, ನಾಳೆ ಪ್ರವಾಸಿಗರು ಬರೋ ಜಾಗದಲ್ಲಿ ತಂದು ಮಲಗಿಸ್ತಾನಾ? ಅದೂ ತನ್ನ ಕಾಫಿ ತೋಟದ ಪಕ್ಕದಲ್ಲಿ? ಕಾಫಿ ಬೆಳೆಯೋನು ಪಾಕ್ ಅವನು, ಪೆದ್ದನಲ್ಲ."

"ಮತ್ತೆ ಯಾವ ಪೆದ್ದ ತಂದ?"

"ಹೊಳೆಯಾಚೆ ಪಿಲಿಯಾಂಗ್ ಕುಲದ ನೆಲ. ಈಚೆ ಸಿಕುಂಬಾಂಗ್ ನೆಲ. ಹಾರ್ಮೈನ್ ಸಿಕುಂಬಾಂಗ್ ತಾಯಿಯ ಮಗ. ನಿಮಗದು ಅರ್ಥ ಆಗಲ್ಲ."

"ಅರ್ಥ ಆಗಲ್ಲ," ಎಂದು ಅವರು ಒಪ್ಪಿಕೊಂಡರು. ಕೈಯಲ್ಲೇ ಉಳಿದಿದ್ದ ಕಡ್ಡಿಯನ್ನು ಈಗ ಗೀರಿ ಬೀಡಿ ಹಚ್ಚಿಕೊಂಡರು. "ನೋಡು. ಡ್ರೈವರ್ ಅನ್ನದಂಗಡಿಗೆ ಹೋಗಿದ್ದಾನೆ. ಅವನ ಹತ್ತಿರ ಇನ್ನೊಂದು ಕೀಲಿ ಇದೆ. ಅವನು ರೆಂಡಾಂಗ್ ಮಾಂಸ ತಿಂದು, ಹಲ್ಲು ಚುಚ್ಚಿಕೊಂಡು ಬರೋವರೆಗೆ ನಿನಗೆ ಸಮಯ. ಆಮೇಲೆ ಇವನು ಪಟ್ಟಣದ ಜೈಲಿಗೆ. ಅಲ್ಲಿಗೆ ಹೋದವನನ್ನ ವಾಪಸ್ ತರೋಕೆ ನಿನ್ನ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ."

ಯುಸ್ನಿದಾರ್ ಆಗಲೇ ಬಾಗಿಲು ದಾಟಿದ್ದಳು.

*

ಎಮ್ಮೆಕೊಂಬಿನಂತೆ ಬಾಗಿದ ಮಾಡಿನ ದೊಡ್ಡಮನೆಯ ಮುಂದೆ, ರಸ್ತೆಯ ಅರ್ಧ ಅಗಲಕ್ಕೂ ದಾಲ್ಚಿನ್ನಿ ತೊಗಟೆ ಹರವಿತ್ತು. ನಡುವೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ಮಗುಚಿ ಹಾಕುತ್ತಿದ್ದವರು ನೂರ್ಬೈನಿ. ಸಿಕುಂಬಾಂಗ್ ಮನೆಯ ಹಿರಿಯಳು, ಹಾರ್ಮೈನ್‌ಗೆ ದೊಡ್ಡಮ್ಮ, ಸುಗೆಂಗ್‌ಗೆ ಅತ್ತೆ. ಬೈಕಿನ ಸದ್ದಿಗೆ ಕತ್ತು ಹೊರಳಿಸಲೂ ಇಲ್ಲ.

"ಯೂನಿಫಾರ್ಮ್ ಹಾಕ್ಕೊಂಡು ಬಂದಿದ್ದೀಯ. ಒಳಗೆ ಕರೀಬೇಕೋ ಬೇಡ್ವೋ?"

"ಬೇಡಿ, ಮಾಕ್ತುವೊ. ಇಲ್ಲೇ ಮಾತಾಡೋಣ."

"ಒಳ್ಳೇದು. ಚಹಾ ಉಳೀತು."

ಊರಿನ ಮಕ್ಕಳೆಲ್ಲ ಅವರನ್ನು ಮಾಕ್ತುವೊ, ದೊಡ್ಡಮ್ಮ, ಎಂದೇ ಕರೆಯುವುದು. ಯುಸ್ನಿದಾರ್ ಚಿಕ್ಕವಳಿದ್ದಾಗ ಇವರ ಕೈಯಲ್ಲಿ ಏಟು ತಿಂದಿದ್ದಳು, ಇವರ ಕೈಯಲ್ಲೇ ಅನ್ನವನ್ನೂ ತಿಂದಿದ್ದಳು. ಬೈಕನ್ನು ತೊಗಟೆಗಳಿಗೆ ತಾಗದ ಹಾಗೆ ಬದಿಗೆ ನಿಲ್ಲಿಸಿ, ಎದುರಿಗೆ ಬಂದು ತಾನೂ ಕುಕ್ಕರಗಾಲಲ್ಲಿ ಕುಳಿತಳು.

"ಹಾರ್ಮೈನ್‌ನ ಹೊಳೆ ದಾಟಿಸಿದ್ದು ನೀವು."

ನೂರ್ಬೈನಿ ಇನ್ನೊಂದು ತೊಗಟೆ ಮಗುಚಿದರು. "ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ನೋಡೋದೇ ಬೇಡ. ಗಡಿಯ ಕಲ್ಲಿನಿಂದ ಈಚೆಗೆ ಸಿಗೋ ಮೊದಲನೇ ಸಮ ಜಾಗ ಅದು. ಮೊಳ ಹಿಂದಿಲ್ಲ, ಮೊಳ ಮುಂದಿಲ್ಲ. ಹೊರಗಿನವನಿಗೆ ಆ ಹೊಳೆ ಬರೀ ಹೊಳೆ. ಸತ್ತರೂ ತಾಯಿಯ ನೆಲದಲ್ಲೇ ಮಲಗಬೇಕು ಅನ್ನೋದು ಯಾರ ರಕ್ತದಲ್ಲಿದೆಯೋ ಅವರು ಮಾತ್ರ ಅಷ್ಟು ಕಷ್ಟಪಟ್ಟು ಅವನನ್ನ ಅಲ್ಲಿಗೆ ತರ್ತಾರೆ. ಕೊಂದವನು ಬಚ್ಚಿಡ್ತಾನೆ, ಮಾಕ್ತುವೊ. ಇದು ಬಚ್ಚಿಟ್ಟಿದ್ದಲ್ಲ. ಮನೆಗೆ ಕರ್ಕೊಂಡು ಬಂದಿದ್ದು."

ಮುದುಕಿಯ ಕೈ ನಿಂತಿತು. ಆಮೇಲೆ ತಲೆ ಎತ್ತಿದರು. ಆ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ.

"ಹೌದು. ತಂದೆ. ಏನೀಗ?" ಎಂದರು. "ನನ್ನ ತಂಗಿ ಸತ್ತಾಗ ಇನ್ನೂ ಹಲ್ಲು ಬೀಳದ ಮಗು ಅದು. ಈ ಎದೆ ಮೇಲೆ ಮಲಗಿಸಿ ಬೆಳೆಸಿದೆ. ಪಿಲಿಯಾಂಗ್ ಜನರ ನೆಲದಲ್ಲಿ ನಾಯಿ ಹಾಗೆ ಬಿದ್ದಿರಲಿ ಅಂತ ಬಿಡಬೇಕಿತ್ತಾ? ನಾಳೆ ಅವರ ಬಾಗಿಲಿಗೆ ಹೋಗಿ, ಅಪ್ಪಣೆ ಕೊಡಿ, ನಮ್ಮ ಹುಡುಗನ್ನ ತಗೊಂಡು ಹೋಗ್ತೀವಿ ಅಂತ ಬೇಡಬೇಕಿತ್ತಾ? ಹಿಡಿ." ಎರಡೂ ಕೈ ಮುಂದೆ ಚಾಚಿದರು. ಅಂಗೈ ತುಂಬ ದಾಲ್ಚಿನ್ನಿಯ ಕೆಂಪು ಪುಡಿ. "ಕೋಳ ಹಾಕು. ಊರು ನೋಡಲಿ."

"ನಿಮ್ಮ ಬದಲು ಸುಗೆಂಗ್‌ಗೆ ಹಾಕಿದ್ದೀವಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ರಿ? ನಿಮ್ಮ ಮಗಳು ಎಲಿಯ ಗಂಡ ಅವನು."

"ಯಾರು ಕೊಂದರು ಅಂತ ಕೇಳಿದ್ರಿ. ನನಗೆ ಗೊತ್ತಿಲ್ಲ, ಅಂದೆ. ಯಾರು ಹೊತ್ತರು ಅಂತ ಯಾರೂ ಕೇಳಲಿಲ್ಲ."

"ಮಾಕ್ತುವೊ!"

"ಅಳಿಯ ಅಂದ್ರೆ ಮೋಟುಮರದ ಮೇಲಿನ ಬೂದಿ. ಗಾಳಿ ಬಂದ್ರೆ ಹಾರುತ್ತೆ. ಹಿರಿಯರು ಸುಮ್ಮನೆ ಹೇಳಿಲ್ಲ."

ಯುಸ್ನಿದಾರ್‌ಗೆ ಕಿವಿ ಬಿಸಿಯಾಯಿತು. "ನನ್ನ ಮನೇಲೂ ಒಬ್ಬ ಬೂದಿ ಇದ್ದಾನೆ. ಈ ಹೊತ್ತು ನನ್ನ ಮಗಳನ್ನ ಸ್ಕೂಲಿಂದ ಕರ್ಕೊಂಡು ಬಂದು, ಊಟ ಹಾಕಿ, ಜಡೆ ಹೆಣೀತಾ ಇರೋದು ಆ ಬೂದಿನೇ. ಗಾಳಿ ಬಂತು ಅಂತ ನಾನು ಅವನನ್ನ ಹಾರೋಕೆ ಬಿಡಲ್ಲ. ನಿಮ್ಮ ಬೂದಿಯನ್ನೂ ಬಿಡಲ್ಲ."

"ಬಾಯಿ ಬಂದಿದೆ ನಿನಗೆ."

"ನೀವೇ ಕಲಿಸಿದ್ದು."

ಕ್ಷಣಮಾತ್ರ ನೂರ್ಬೈನಿಯ ತುಟಿಯ ಕೊನೆ ಅಲುಗಿತು, ನಗುವೋ ಏನೋ. ಅಷ್ಟರಲ್ಲೇ ಮುಖ ಮತ್ತೆ ಬಿಗಿಯಿತು.

"ಅವನು ಅಲ್ಲಿಗೆ ಯಾಕೆ ಹೋಗಿದ್ದ ಅಂತ ಗೊತ್ತಾ ನಿನಗೆ?" ಎಂದರು. "ರೆಸಾರ್ಟ್ ಕಟ್ತೀನಿ ಅಂತ ತಿರುಗ್ತಿದ್ದಾನಲ್ಲ, ಪಿಲಿಯಾಂಗ್‌ನವರ ಆ ದೊಡ್ಡ ಹೊಟ್ಟೆ ನೆಂಟ, ಅವನನ್ನ ಕಾಣೋಕೆ. ನಮ್ಮ ಕಣಿವೆ, ನಮ್ಮ ಬಳ್ಳಿ, ನಮ್ಮ ಹೂ ಎಲ್ಲ ಒಪ್ಪಿಸಿಬಿಡೋಕೆ. ನೆಲ ಹೆಂಗಸರದ್ದು, ಸರಿ. ಆದ್ರೆ ಸಭೇಲಿ ಕೂತು ಹೂಂ ಅನ್ನೋ ಬಾಯಿ ಗಂಡಸರದ್ದು. ನಾಲ್ಕು ದಿನದಿಂದ ಮಂಕಾಗಿದ್ದ, ಕದ್ದು ಕದ್ದು ಹೊಳೆ ದಾಟ್ತಿದ್ದ. ಕೇಳಿದ್ರೆ, ಆಮೇಲೆ ಹೇಳ್ತೀನಿ ಮಾಕ್ತುವೊ, ಈಗ ಹೇಳಿದ್ರೆ ಕೆಡುತ್ತೆ ಅಂತಿದ್ದ. ಅವತ್ತು ಹಿಂದೆನೇ ಹೋದೆ. ಹೋಗೋದ್ರೊಳಗೆ ಬಂಡೆ ಹತ್ರ ಬಿದ್ದಿದ್ದ."

"ಅವನು ರೆಸಾರ್ಟಿನವನನ್ನ ಕಾಣೋಕೆ ಹೋಗಿರಲಿಲ್ಲ."

"ನಿನಗೇನು ಗೊತ್ತು?"

"ಗಂಡು ಹುಡುಕೋಕೆ ಹೋಗಿದ್ದ. ನಿಮ್ಮ ಹೆಣ್ಣು ಹೂವಿಗೆ."

ನೂರ್ಬೈನಿ ಕಣ್ಣು ಕಿರಿದು ಮಾಡಿದರು.

ಯುಸ್ನಿದಾರ್ ಮೆಲ್ಲಗೆ ಹೇಳುತ್ತ ಹೋದಳು. ಈಚೆಯ ಬಳ್ಳಿಯಲ್ಲಿ ಹೆಣ್ಣು ಅರಳಿದ ವಾರವೇ ಆಚೆಯ ಬಳ್ಳಿಯಲ್ಲಿ ಗಂಡೊಂದು ಅರಳಿತು. ಅವನು ವರ್ಷಗಳಿಂದ ಕಾದಿದ್ದ ವಾರ. ನೊಣಗಳನ್ನು ನಂಬಿ ಕೂರುವಷ್ಟು ತಾಳ್ಮೆ ಇರಲಿಲ್ಲ. ಮೊಗ್ಗು ಇರುವ ಜಾಗ ಬಾಯಿಬಿಟ್ಟರೆ ಯಾರಾದರೂ ಮುಟ್ಟಿ ಕೆಡಿಸುತ್ತಾರೆ, ಬಾಣಂತಿ ಔಷಧಿಗೆಂದು ಕೊಯ್ದು ಮಾರುತ್ತಾರೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ನಮಾಜು ಮುಗಿಸಿ, ಹೊಳೆ ದಾಟಿ, ತಟ್ಟೆಯ ಅಂಚಿನಡಿಗೆ ಹೆಬ್ಬೆರಳು ತೂರಿಸಿ ಆ ಹಳದಿ ಲೋಳೆಯನ್ನು ತೆಗೆದುಕೊಂಡ. ಅದನ್ನು ಈಚೆಗೆ ತಂದು ನಿಮ್ಮ ಹೂವಿಗೆ ಸವರಬೇಕಿತ್ತು. ಒಂದೇ ಒಂದು ಸಲ ಅದು ಕಾಯಿ ಕಟ್ಟುವುದನ್ನು ಅವನು ನೋಡಬೇಕಿತ್ತು.

"ಅವನು ನೆಲ ಮಾರೋಕೆ ಹೋಗಿರಲಿಲ್ಲ, ಮಾಕ್ತುವೊ. ನಿಮ್ಮ ಬಳ್ಳಿಯ ವಂಶ ಬೆಳೆಸೋಕೆ ಹೋಗಿದ್ದ."

ನೂರ್ಬೈನಿಯ ಕೈಯಲ್ಲಿದ್ದ ತೊಗಟೆ ಲಟಕ್ಕನೆ ಮುರಿಯಿತು. ಅವರು ಅದರ ಎರಡು ತುಂಡುಗಳನ್ನೂ ನೋಡುತ್ತ ಕುಳಿತರು.

"ಇನ್ನೊಂದು ಮಾತು," ಎಂದಳು ಯುಸ್ನಿದಾರ್. ಈ ಮಾತನ್ನು ಆಡಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಕೆಳಗಿನ ತಿರುವಿನಲ್ಲಿ ಇಂಜಿನ್ನೊಂದು ಏದುಸಿರು ಬಿಡುವ ಸದ್ದು ಕೇಳತೊಡಗಿತ್ತು. "ಅವನ ಬಟ್ಟೆ ಎದೆವರೆಗೂ ಒದ್ದೆಯಾಗಿತ್ತು. ಕಣಿವೆಯ ಮಂಜು ಅಂತ ನಮ್ಮವರು ಸುಮ್ಮನಾದರು. ಹೊಳೆ ನೀರು ಅದು. ಎರಡೂ ತೋಳು ಒದ್ದೆಯಾಗಬೇಕಿತ್ತು, ಬಲಗೈ ತೋಳು ಒಣಗಿತ್ತು. ಆ ಲೋಳೆ ನೀರು ಸೋಕಿದ್ರೆ ತೊಳೆದು ಹೋಗುತ್ತೆ, ಹೋಗಿರಲಿಲ್ಲ. ಹೆಣದ ಕೈ ನೀರಿನಲ್ಲಿ ಎಳೆದುಕೊಂಡು ಹೋಗುತ್ತೆ, ಮಾಕ್ತುವೊ. ಮೇಲೆತ್ತಿ ಹಿಡ್ಕೊಳ್ಳಲ್ಲ."

ಮುದುಕಿ ಮುರಿದ ತುಂಡುಗಳನ್ನು ಬಿಸಿಲಿಗೆ ಜೋಡಿಸಿಟ್ಟರು.

"ಹೊಳೆ ದಾಟುವಾಗ ಅವನು ಬದುಕಿದ್ದ. ನೀವು ತಂದದ್ದು ಹೆಣ ಅಲ್ಲ. ಮತ್ತೆ, ನೀವೊಬ್ಬರೇ ತಂದದ್ದೂ ಅಲ್ಲ. ಕಾಲು ಹಿಡಿದವರು ಯಾರು?"

"ನಾನೊಬ್ಬಳೇ."

"ಈ ವಯಸ್ಸಲ್ಲಿ? ಸೊಂಟದುದ್ದ ನೀರಲ್ಲಿ?"

"ನಾನೊಬ್ಬಳೇ ಅಂದೆನಲ್ಲ! ಬೇಕಾದ್ರೆ ಬರ್ಕೋ, ಬೇಡವಾದ್ರೆ ಎದ್ದು ಹೋಗು!"

ದೊಡ್ಡಮನೆಯ ಮೆಟ್ಟಿಲಿನ ಮೇಲಿಂದ ಏನೋ ಉರುಳಿ ಬಂತು. ಚಹಾ ಕುಡಿಯುವ ತೆಂಗಿನ ಚಿಪ್ಪು. ಕಾಫಿ ಎಲೆಯ ಚಹಾ ಮೆಟ್ಟಿಲಿಂದ ಮೆಟ್ಟಿಲಿಗೆ ಹರಿಯಿತು. ಬಾಗಿಲಲ್ಲಿ ಎಲಿ ನಿಂತಿದ್ದಳು, ಸುಗೆಂಗ್‌ನ ಹೆಂಡತಿ.

"ಎಲಿ, ಒಳಗೆ ಹೋಗು."

"ಹೋಗಲ್ಲ ಅಮ್ಮ."

"ನಿನ್ನ ಹೆಸರು ಬರಬಾರದು ಅಂತಲೇ ನಾನು ಇಷ್ಟು ದಿನ..."

"ನನ್ನ ಹೆಸರು ಉಳಿಸೋಕೆ ನೀನು ನನ್ನ ಮಕ್ಕಳ ಅಪ್ಪನ್ನ ಕೊಟ್ಟೆ. ಸಾಕು."

ತಿರುವಿನಲ್ಲಿ ವ್ಯಾನು ಕಾಣಿಸಿತು. ಎಲಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ದಾಲ್ಚಿನ್ನಿ ತೊಗಟೆಗಳನ್ನು ಪಟಪಟನೆ ತುಳಿಯುತ್ತ ಓಡಿ, ರಸ್ತೆಯ ನಟ್ಟ ನಡುವೆ ನಿಂತುಕೊಂಡಳು. ಡ್ರೈವರ್ ಬ್ರೇಕ್ ಒತ್ತಿದ. ವ್ಯಾನು ಕಿರುಚಿ ನಿಂತಿತು.

"ಏಯ್ ತಾಯಿ, ರಸ್ತೆ ನಿಂದಾ?"

"ನಂದೇ! ಈ ಕಡೆ ನಮ್ಮಜ್ಜಿ ಗದ್ದೆ, ಆ ಕಡೆ ನಮ್ಮಜ್ಜಿ ತೋಟ. ನಡುವೆ ಹೋಗೋನು ನೀನು ಯಾವೂರ ದೊರೆ?"

ಮುಂದಿನ ಸೀಟಿನಿಂದ ಪಾಕ್ ಬೊನಾರ್ ಇಳಿದರು.

"ಕೇಳಿ ಪಾಕ್. ನೀವೇ ಕೇಳಿಸಿಕೊಳ್ಳಿ," ಎಂದಳು ಯುಸ್ನಿದಾರ್.

"ಕಾಲು ಹಿಡಿದವಳು ನಾನು," ಎಂದಳು ಎಲಿ. "ಅಮ್ಮ ತಲೆ ಕಡೆ, ನಾನು ಕಾಲ ಕಡೆ. ಕಾಲು ಜಾರಿ ಬಿದ್ದೆ, ಮನೆಗೆ ಕರ್ಕೊಂಡು ಹೋಗಿ ಅಂತ ಅವನೇ ಕೇಳಿದ. ನೀರಿಗಿಳಿದ ಮೇಲೆ ಬಲಗೈ ಮೇಲೆತ್ತಿದವನು ಇಳಿಸಲೇ ಇಲ್ಲ, ಉನಿ. 'ಕೈ ಒದ್ದೆ ಮಾಡಬೇಡಿ, ಕೈ ಒದ್ದೆ ಮಾಡಬೇಡಿ' ಅಂತ ಒಂದೇ ಸಮ ಗೊಣಗ್ತಿದ್ದ. ಪೆಟ್ಟು ಬಿದ್ದು ತಲೆ ಕೆಟ್ಟಿದೆ ಅಂದ್ಕೊಂಡ್ವಿ. ಅಯ್ಯೋ, ಒಂದು ಮಾತು ಹೇಳಬಾರದಿತ್ತಾ ಅವನು..."

ರಸ್ತೆಯ ಬದಿಯಲ್ಲಿ ನೂರ್ಬೈನಿ ಮುಖವನ್ನು ಆಚೆ ತಿರುಗಿಸಿಕೊಂಡರು.

"ಇಳಿಸಿ ಪಾಕ್ ಅವನನ್ನ," ಎಂದಳು ಯುಸ್ನಿದಾರ್. "ನೀವು ಬರೆದಿರೋ ಕತೇಲಿ ಸುಗೆಂಗ್ ಹೊಡೆದ, ಹಾರ್ಮೈನ್ ಅಲ್ಲೇ ಬಿದ್ದು ಸತ್ತ. ಈಗ ಜಾಗವೂ ಸುಳ್ಳು, ಸಾವೂ ಸುಳ್ಳು. ಇನ್ನೂ ಇವನನ್ನ ಕರ್ಕೊಂಡು ಹೋಗ್ತೀರಾದ್ರೆ ವ್ಯಾನಿನ ಮುಂದೆ ಎಲಿ ಪಕ್ಕ ನಾನೂ ನಿಲ್ತೀನಿ. ಯೂನಿಫಾರ್ಮ್ ಬಿಚ್ಚಿಟ್ಟು ನಿಲ್ಲಬೇಕು ಅಂದ್ರೆ ಅದೂ ಸರಿ."

ಪಾಕ್ ಬೊನಾರ್ ಆಕಾಶ ನೋಡಿದರು, ಡ್ರೈವರನನ್ನು ನೋಡಿದರು, ಕಡೆಗೆ ಸೊಂಟದ ಬೀಗದಕೈ ಗೊಂಚಲು ತೆಗೆದರು. "ನಿಮ್ಮೂರಿನ ಹೆಂಗಸರ ಮಧ್ಯೆ ನನ್ನನ್ನ ಯಾವ ಪಾಪಕ್ಕೆ ಹಾಕಿದ್ರೋ," ಎಂದು ಗೊಣಗುತ್ತ ಹಿಂದಿನ ಬಾಗಿಲು ತೆರೆದರು.

ಸುಗೆಂಗ್ ಬಾಗಿಲಂಚಿಗೆ ಸರಿದು ಬಂದ. ಬೆಳಕಿಗೆ ಕಣ್ಣು ಕಿರಿದಾಗಿಸಿ ಒಂದು ಕಾಲನ್ನು ನೆಲಕ್ಕೆ ಇಳಿಬಿಟ್ಟ. ಇಷ್ಟು ದಿನದ ದಣಿವೆಲ್ಲ ಒಮ್ಮೆಗೇ ಹಗುರವಾದಂತೆ ಯುಸ್ನಿದಾರ್ ಉಸಿರು ಬಿಟ್ಟಳು.

"ಈಚೆ ದಡ ಹತ್ತಿಸಿದ ಮೇಲೆ ಏನಾಯ್ತು, ಎಲಿ?"

"ಉಸಿರಾಡ್ತಿದ್ದ. ನೀರು ಕೇಳಿದ, ಕುಡಿಸಿದೆ. ಅಮ್ಮ ನರ್ಸಮ್ಮನ್ನ ಕರೆಯೋಕೆ ಓಡಿದಳು. ನಾನು ಚಾಪೆ ತರೋಕೆ, ಹೊರೋಕೆ ನಾಲ್ಕು ಜನ ಗಂಡಸರನ್ನ ಕರೆಯೋಕೆ ಮನೆ ಕಡೆ ಓಡಿದೆ. ಇಬ್ಬರಿಗೂ ಯಾರೂ ಸಿಗಲಿಲ್ಲ. ನಾವು ವಾಪಸ್ ಹೋಗೋದ್ರೊಳಗೆ... ಆದ್ರೆ ಅವನನ್ನ ಒಬ್ಬನೇ ಬಿಟ್ಟು ಹೋಗಲಿಲ್ಲ, ಉನಿ. 'ನಾವು ಬರೋವರೆಗೂ ಇವನ ಪಕ್ಕ ಬಿಟ್ಟು ಅಲ್ಲಾಡಬೇಡ' ಅಂತ ಹೇಳಿ, ಕೂರಿಸಿ ಹೋಗಿದ್ದೆ."

"ಯಾರನ್ನ?"

ಎಲಿ ತಾಯಿಯ ಕಡೆ ನೋಡಲಿಲ್ಲ. ಯುಸ್ನಿದಾರ್‌ಳ ಭುಜದ ಮೇಲಿಂದ ಹಾಯಿಸಿ ವ್ಯಾನಿನ ತೆರೆದ ಬಾಗಿಲನ್ನು ನೋಡಿದಳು. 'ನಾನು ಹೋದಾಗ ಹಾರ್ಮೈನ್ ಆಗಲೇ ತಣ್ಣಗಾಗಿದ್ದ' ಎಂದು ಠಾಣೆಯಲ್ಲಿ ಕುರಾನಿನ ಮೇಲೆ ಕೈಯಿಟ್ಟು ಹೇಳಿದ್ದ ಮನುಷ್ಯ ಅಲ್ಲಿದ್ದ.

"ಪಕ್ಕದ ತೋಟದಲ್ಲೇ ಇದ್ದ. ಕೂಗಿದೆ, ಬಂದ," ಎಂದಳು ಎಲಿ. "ನನ್ನ ಗಂಡನ್ನ."

ನೆಲಕ್ಕೆ ಇಳಿಬಿಟ್ಟಿದ್ದ ಒಂದು ಕಾಲನ್ನು ಸುಗೆಂಗ್ ಮೆಲ್ಲಗೆ ಮೇಲೆತ್ತಿ, ಮತ್ತೆ ವ್ಯಾನಿನೊಳಗೆ ಇಟ್ಟುಕೊಂಡ.